ಅಕ್ಷತೆಯ ನಲವತ್ತು ಸೆಕೆಂಡು

ಮೂರು ರಾತ್ರಿ ಕೂತು ಪಟ್ಟಿ ನೋಡಿದೆ.
ಕೆಂಪು ಗೀಟು, ಹಸಿರು ಗೀಟು,
ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಮುಂದೆ:
ನೂರಾ ನಲವತ್ತೆರಡು ಫ್ರೇಮು, ನೂರಾ ಮೂವತ್ತೊಂಬತ್ತು.
ಆ ಮೂರಕ್ಕೆ ಏಳು ಸಾವಿರ ಹೆಚ್ಚು.

ಅಳೆದವರು ಯಾರೋ, ಎಲ್ಲಿಯೋ.
ಅವರ ಕೋಣೆಯಲ್ಲಿ ಧೂಳಿಲ್ಲ, ಏಸಿ ಇದೆ,
ಸಂಜೆ ಏಳಕ್ಕೆ ವೋಲ್ಟೇಜು ಕುಸಿದು
ಸ್ಟೆಬಿಲೈಸರು ಟಕ್ ಅನ್ನುವುದಿಲ್ಲ.
ಅವರು ಓಡಿಸಿದ್ದು ಉರಿಯುವ ಕೋಟೆ,
ರೋಮ ರೋಮವೂ ಅಲುಗುವ ತೋಳ.
ದುರ್ಗಿಗುಡಿಯ ನನ್ನ ಸ್ಟುಡಿಯೋಗೆ
ತೋಳ ಬರುವುದಿಲ್ಲ.
ಬರುವುದು ಮದುವೆ, ನಾಮಕರಣ, ಅರವತ್ತರ ಶಾಂತಿ,
ಒಮ್ಮೊಮ್ಮೆ ಆಯನೂರಿನ ಕ್ರಿಕೆಟ್ ಫೈನಲ್ಲು.

ಅಪ್ಪ ಗಾಂಧಿ ಬಜಾರಿನಲ್ಲಿ ಅಕ್ಕಸಾಲೆ ಕೆಲಸದವನು.
ಪರರ ಕಲ್ಲಿನ ಮಾತು ನಂಬದೆ
ತನ್ನ ಒರೆಗಲ್ಲು ತಾನೇ ಹೊತ್ತು ತಿರುಗುತ್ತಿದ್ದ;
ಎಲ್ಲ ಅಂಗಿಯ ಜೇಬೂ ಜೋತುಬಿದ್ದಿತ್ತು.

ನಾನು ಪೆನ್‌ಡ್ರೈವು ಹಾಕಿಕೊಂಡು ಹೋದೆ
ನೆಹರೂ ರಸ್ತೆಗೆ, ಜಬೀವುಲ್ಲಾನ ಎರಡನೇ ಮಹಡಿಗೆ.
ಅದರಲ್ಲಿ ಇದ್ದದ್ದು ನಲವತ್ತು ಸೆಕೆಂಡು:
ಹೊಸನಗರದ ಒಂದು ಮದುವೆ, ಗಟ್ಟಿಮೇಳ,
ಇನ್ನೂರು ಕೈಗಳಿಂದ ಒಮ್ಮೆಗೇ ಅಕ್ಷತೆ.
ನನ್ನ ಹಳೆಯ ಕಾರ್ಡು ಪ್ರತಿಸಲ ಸಾಯುತ್ತಿದ್ದದ್ದು ಅಲ್ಲಿಯೇ.
ಕಾಳು ಗಾಳಿಯಲ್ಲೇ ನಿಂತು,
ಕೈ ಚಾಚಿದ ವರ ಚಾಚಿಕೊಂಡೇ ಇದ್ದು,
ಆಮೇಲೆ ಒಮ್ಮೆಲೇ ಎಲ್ಲ ನೆಲದ ಮೇಲೆ.
ತಾಳಿ ಕಟ್ಟಿದ್ದೇ ಸುಳ್ಳೇನೋ ಅನ್ನುವ ಹಾಗೆ.

"ಇದ್ಯಾವ ಬೆಂಚ್‌ಮಾರ್ಕು ಅಕ್ಕಾ!" ನಕ್ಕ ಜಬೀ.
ಅವನ ಪರೀಕ್ಷೆ ಬೇರೆ: ಕೊನೆಗೊಂದು ಅಂಕಿ ಬರುತ್ತದೆ,
ಹದಿನೆಂಟು ಸಾವಿರದ ಚಿಲ್ಲರೆ, ಗಿರಾಕಿ ತಲೆದೂಗುತ್ತಾನೆ.
ಆದರೂ ಪಾಪ, ಮೂರು ಡಬ್ಬಿ ಒಡೆದ,
ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಒಂದೊಂದನ್ನೂ ಕೂರಿಸಿದ.

ದುಬಾರಿಯದು ಓಡಿತು; ಫ್ಯಾನು ಮಾತ್ರ
ಆಗುಂಬೆ ಘಾಟಿ ಹತ್ತುವ ಲಾರಿ.
ಅಗ್ಗದ್ದಕ್ಕೆ ಹದಿನೇಳನೇ ಸೆಕೆಂಡಿಗೇ ಏದುಸಿರು.
ನಡುವಿನದು, ಪಟ್ಟಿಯಲ್ಲಿ ಆರನೆಯದು,
ಮೈಮೇಲೊಂದು ಗೀರು ಬೇರೆ,
ಕಾಳು ಕಾಳಾಗಿ ಸುರಿಯಿತು.

ಆಗ ಕಂಡಿತು.
ಎಡಮೂಲೆ, ಕಂಬದ ಪಕ್ಕ, ನೀಲಿ ರವಿಕೆಯ ಹೆಂಗಸು:
ಎಲ್ಲರ ಕೈ ಮೇಲೆ ಹೋಯಿತು, ಅವಳದೂ ಹೋಯಿತು,
ಮುಷ್ಟಿ ಬಿಚ್ಚಲಿಲ್ಲ.
ಹಾಗೇ ಕೆಳಗೆ ಬಂತು.
ಅಕ್ಕಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಈ ಮದುವೆಯನ್ನು ನಾನೇ ಕತ್ತರಿಸಿದ್ದು, ಜೋಡಿಸಿದ್ದು,
ಬಣ್ಣ ತಿದ್ದಿ ಕೊಟ್ಟು ಹಣ ಎಣಿಸಿಕೊಂಡದ್ದು.
ಕೊಟ್ಟ ಮೇಲೆ ಮತ್ತೆ ನೋಡಿರಲಿಲ್ಲ.
ನಿಂತ ಫ್ರೇಮುಗಳ ಸಂದಿಯಲ್ಲಿ
ಮೂರು ವರ್ಷ ಬಿದ್ದಿತ್ತು ಆ ಕೈ.

"ಇನ್ನೊಂದ್ಸಲ ಹಾಕು" ಅಂದೆ.
ಹಾಕಿದ. ಅವನೂ ನೋಡಿದ, ಬಾಯಿಂದ ಸ್ಕ್ರೂ ತೆಗೆದ.
"ಯಾರಕ್ಕಾ?"
ಗೊತ್ತಿಲ್ಲ ಅಂದೆ. ಗೊತ್ತಿರಲಿಲ್ಲ.

ಗೀರಿನ ಲೆಕ್ಕಕ್ಕೆ ಐನೂರು ಬಿಡಿಸಿಕೊಂಡೆ.
ಬಿಲ್ಲಿನಲ್ಲಿ, ವಾರಂಟಿ ದಿನಾಂಕದ ಕೆಳಗೆ,
ಬರೆದುಕೊಂಡೆ: ಇಪ್ಪತ್ತಮೂರನೇ ಸೆಕೆಂಡು, ಎಡಕ್ಕೆ.