ಅರವತ್ತೈದು ಗೂಟ

ದನಿಗಳು ಈಗ ಎಷ್ಟು ದೂರ, ಕೇಳುತ್ತಾರೆ ಡಾಕ್ಟರು.
ಜಿಲ್ಲಾ ಆಸ್ಪತ್ರೆಯ ಹದಿನಾಲ್ಕನೇ ಕೋಣೆ, ಕಿಟಕಿಯಲ್ಲಿ ಕಾಗೆ.
ಕೂರ್ಮಗಡದ ಆಚೆ, ಎನ್ನುತ್ತೇನೆ.
ಬರೆದುಕೊಳ್ಳುತ್ತಾರೆ.
ಘಟ್ಟದ ಮೇಲಿನವರು,
ಕೂರ್ಮಗಡ ಎಷ್ಟು ದೂರವೋ ಅವರಿಗೇನು ಗೊತ್ತು.

ಮೊದಲ ವರ್ಷ ದನಿ ಕಿವಿಯೊಳಗೇ ಲಂಗರು ಹಾಕಿತ್ತು.
ಬಿಡು, ಉಮಾಕಾಂತ, ಹಗ್ಗ ಬಿಡು.
ಬಿಟ್ಟೆ.
ಹೊಸ ಬಲೆ ತಳಕ್ಕೆ ಹೋಯಿತು.
ತಾಂಡೇಲ ನನ್ನನ್ನು ಧಕ್ಕೆಯಲ್ಲಿ ಇಳಿಸಿದ, ಬೈಯಲಿಲ್ಲ.
ಬೈದಿದ್ದರೆ ಅದೊಂದಾದರೂ ಹೊರಗಿನ ದನಿ ಆಗುತ್ತಿತ್ತು.

ಹ್ಯಾಲೊಪೆರಿಡಾಲ್ ಕೊಟ್ಟರು, ಉಗುರಿನಷ್ಟಿಲ್ಲದ ಗುಳಿಗೆ.
ದನಿ ಲೈಟ್‌ಹೌಸ್ ದಾಟಿತು, ಗೋವೆ ಸೇರಿರಬೇಕು.
ಜೊತೆಗೆ ಕೈಯೂ ಹೋಯಿತು.
ಬಲೆ ಹೆಣೆವ ಸೂಜಿಗೆ ನೂಲು ಸುತ್ತಲು ಬರಲಿಲ್ಲ.
ಒಮ್ಮೆ ನಗು ಮಾರಾಯ, ಅಂದಳು ಅಕ್ಕ.
ನಗುತ್ತಲೇ ಇದ್ದೆ,
ಮುಖಕ್ಕೆ ಸುದ್ದಿ ಮುಟ್ಟಿರಲಿಲ್ಲ.

ಔಷಧದ ಕಿಟಕಿಯ ಅನ್ಸೂಯಾ ಕಲ್ಗುಟ್ಕರ್
ಬಿಲ್ಲಿನ ಬೆನ್ನಿಗೆ ಗೀಟು ಹಾಕಿ ತೋರಿಸಿದಳು:
ಇದು ಧಕ್ಕೆ ಅಂತ ತಿಳಿ. ಇವು ಗೂಟ.
ಡೋಪಮಿನ್ ಅನ್ನೋ ದೋಣಿ ಬಂದು ಇಲ್ಲಿ ಕಟ್ಟೋದು.
ಗುಳಿಗೆ ಮೊದಲೇ ಬಂದು ಜಾಗ ಹಿಡೀತದೆ,
ಒಂದು ಬುಟ್ಟೀನೂ ಇಳಿಸೋದಿಲ್ಲ, ಸುಮ್ಮನೆ ನಿಂತಿರ್ತದೆ.
ನೂರರಲ್ಲಿ ಅರವತ್ತೈದು ಹಿಡಿದರೆ ದನಿ ಹಿಂದೆ ಸರೀತದೆ.
ಎಂಬತ್ತು ಮುಟ್ಟಿದರೆ ಕೈಕಾಲು ಮರ.
ನಡುವೆ ಹದಿನೈದು ಗೂಟ, ಉಮಾಕಾಂತ,
ಅಷ್ಟರಲ್ಲೇ ಸಂಸಾರ ಮಾಡಬೇಕು.
ಅದರಲ್ಲೂ ನಿಂದು ಗಟ್ಟಿ ಗಂಟು,
ಉಬ್ಬರ ಬಂದರೂ ಬೇಗ ಬಿಚ್ಚೋದಲ್ಲ.

ಧಕ್ಕೆ ಒಂದೇ ಅಲ್ಲ ಅಂತ ಆಮೇಲೆ ತಿಳಿಯಿತು.
ರಿಸ್ಪೆರಿಡೋನ್ ತಿಂದ ವರ್ಷ, ತಾರ್ಲೆ ಬಿದ್ದ ವಾರ,
ಅಂಗಿ ಎದೆಯ ಹತ್ತಿರ ಒದ್ದೆ.
ಸಮುದ್ರದ ನೀರು ಅಂದೆ ಎಲ್ಲರಿಗೂ.
ರಾತ್ರಿ ನಾಲಿಗೆಗೆ ಹಚ್ಚಿ ನೋಡಿದೆ,
ಉಪ್ಪಿರಲಿಲ್ಲ.
ಹಾಲು ಎಂದು ಬಾಯಿಬಿಡಲು ಎರಡು ತಿಂಗಳು ಬೇಕಾಯಿತು,
ಅದೂ ಅನ್ಸೂಯಾಳಿಗೆ, ಸಾಲು ಖಾಲಿಯಾದ ಮೇಲೆ.
ಅವಳು ನಗಲಿಲ್ಲ. ಗೂಟ ಅದೇ, ಬಂದರು ಬೇರೆ, ಅಂದಳು.
ಅಲ್ಲಿ ಡೋಪಮಿನ್ನೇ ಹಾಲಿಗೆ ಕಟ್ಟಿದ ಒಡ್ಡು.

ಒಲಾಂಜಪಿನ್ ಕಂಡ ಗೂಟಕ್ಕೆಲ್ಲ ಹಗ್ಗ ಎಸೆಯಿತು,
ನಿದ್ದೆಯದಕ್ಕೆ, ಹಸಿವಿನದಕ್ಕೆ.
ಏಳು ತಿಂಗಳಿಗೆ ಹದಿನಾರು ಕಿಲೋ.
ಅಕ್ಕ ಅನ್ನ ಅಡಗಿಸಿಟ್ಟಳು,
ಐಸ್ ಫ್ಯಾಕ್ಟರಿ ಹುಡುಗರ ಪಾವ್ ಕದ್ದೆ.
ಬೇಡ ಎನ್ನಲು ಅವತ್ತು ಒಂದು ದನಿಯೂ ಬರಲಿಲ್ಲ.

ಅರಿಪಿಪ್ರಜೋಲ್ ಹಾಗಲ್ಲ,
ಗೂಟ ಹಿಡಿದೂ ಎರಡು ಬುಟ್ಟಿ ಇಳಿಸುವ ಜಾತಿ.
ಒಳ್ಳೆಯದು ಅಂದರು. ನನಗೆ ಕೂರಲಾಗಲಿಲ್ಲ.
ಕೋಡಿಬಾಗದಿಂದ ಸದಾಶಿವಗಡ, ಮತ್ತೆ ಕೋಡಿಬಾಗ,
ಕಾಳಿ ಸೇತುವೆಯ ಮೇಲೆ ರಾತ್ರಿಯಿಡೀ.
ಹಾರುವವನೆಂದು ಪೊಲೀಸರು ಹಿಡಿದರು.
ಹಾರೋದಕ್ಕೆ ಒಂದು ಗಳಿಗೆ ನಿಲ್ಲಬೇಕಲ್ಲ ಸಾಹೇಬ್ರೆ, ಅಂದೆ.

ಸಾಲಿನಲ್ಲಿ ನಾಗೂ ಹರಿಕಂತ್ರ ಸಿಗುತ್ತಾನೆ. ಅವನದು ಕ್ಲೋಜಪಿನ್,
ಸಡಿಲ ಕುಣಿಕೆ, ದೋಣಿ ಬಂದರೆ ತಾನೇ ಸರಿದುಕೊಳ್ಳುತ್ತದೆ.
ಅರವತ್ತೈದು ತುಂಬದೆಯೂ ಅದು ಹೇಗೆ ಕೆಲಸ ಮಾಡ್ತದೋ
ನನಗೂ ಪೂರ್ತಿ ಗೊತ್ತಿಲ್ಲ, ಎನ್ನುತ್ತಾಳೆ ಅನ್ಸೂಯಾ.
ನಾಗೂನ ಕೈ ನಡುಗುವುದಿಲ್ಲ,
ದಿಂಬು ಮಾತ್ರ ಬೆಳಗಿಗೆ ಜೊಲ್ಲಿನಲ್ಲಿ ತೇಲುತ್ತದೆ.
ಬಿಳಿ ಕಣ ಎಣಿಸಲು ಮತ್ತೆ ಮತ್ತೆ ರಕ್ತ.
ಕಿವಿರು ಎತ್ತಿ ಮೀನು ನೋಡಿದ ಹಾಗೆ ನೋಡ್ತಾರೆ,
ಎನ್ನುತ್ತಾನೆ, ಬಾಯಿ ಒರೆಸಿಕೊಳ್ಳುತ್ತ.

ಡಾಕ್ಟರೇ, ತಪ್ಪು ಹೇಳಿದೆ.
ಹಳೇ ಗುಳಿಗೆಯನ್ನೇ ತಿರುಗಿ ಬರೆದಿರಲ್ಲ,
ಅರ್ಧ ಮುರಿದು ತಿನ್ನುತ್ತಿದ್ದೇನೆ.
ಇಗೋ, ಉಳಿದರ್ಧಗಳು, ಈ ಬೆಂಕಿಪೊಟ್ಟಣದಲ್ಲಿ.
ದನಿ ಕೂರ್ಮಗಡದಲ್ಲಿಲ್ಲ,
ಬೈತಖೋಲದ ಕಲ್ಲುಗೋಡೆಯ ತುದಿಗೆ ಬಂದಿದೆ.
ಅಲ್ಲಿಂದ ಕೂಗಿದರೆ ಕೂಗು ಕೇಳುತ್ತದೆ,
ಏನಂತ ತಿಳಿಯುವುದಿಲ್ಲ.
ಅಲ್ಲೇ ಇರಲಿ.
ನಿನ್ನೆ ನಾನು ನಲವತ್ತು ಕಣ್ಣು ಬಲೆ ಹೆಣೆದೆ.

ಪೆನ್ನು ಇಟ್ಟರು. ಬೈತಖೋಲ ಎಲ್ಲಿ, ಎಂದರು.
ಕಿಟಕಿಗೆ ಕರೆದು ಕೈ ಚಾಚಿದೆ.
ಹೊಸ ಕಟ್ಟಡ ಅಡ್ಡ. ಕಾಗೆ ಹಾರಿತು.
ಕಂಡದ್ದು ನನ್ನ ಬೆರಳು ಮಾತ್ರ, ಸ್ವಲ್ಪ ನಡುಗುತ್ತ.

ಅದನ್ನೂ ಬರೆದುಕೊಂಡರು.