ಕೆಂಪು ಜಾರು

ಮೊದಲು ಜಾರಿದವಳು ದೇವ್ಲಿ.
ಅವರ ಬಣ್ಣದ ಪುಸ್ತಿಕೆಯಲ್ಲಿ ಇದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.
ಸಂಡೂರಿನ ಆಚೆ, ಗಣಿ ನಿಂತ ವರ್ಷ,
ಅದಿರು ತೆಗೆದು ಚೆಲ್ಲಿದ ಮಣ್ಣು
ಗುಡ್ಡದ ಪಕ್ಕ ಇನ್ನೊಂದು ಗುಡ್ಡವಾಗಿ ಬಿದ್ದಿತ್ತು,
ಹೆಸರಿಲ್ಲ, ದೇವರಿಲ್ಲ, ಮೇಯಲು ಹುಲ್ಲಿಲ್ಲ.
ಹರಿದ ಕನ್ವೇಯರ್ ಬೆಲ್ಟಿನ ತುಂಡು ಕುಂಡಿಗೆ ಕೊಟ್ಟುಕೊಂಡು
ಎಂಟು ವರ್ಷದ ಹುಡುಗಿ ತುದಿಯಿಂದ ತನ್ನನ್ನು ಬಿಟ್ಟಳು.
ಕೆಳಗೆ ನಾನು ಬೀಡಿ ಹಚ್ಚುತ್ತಿದ್ದೆ.
ಕಡ್ಡಿ ಆರುವುದರೊಳಗೆ ಬಂದು ನಿಂತಳು,
ನಕ್ಕರೆ ಹಲ್ಲಷ್ಟೇ ಬಿಳಿ.

ನಾನು ಗಾದಿಲಿಂಗ. ರೋಪ್‌ವೇ ಫಿಟ್ಟರು.
ಇಪ್ಪತ್ತಾರು ವರ್ಷ ಬಕೆಟ್ಟು ಬಕೆಟ್ಟಾಗಿ
ಗುಡ್ಡವನ್ನು ಕೆಳಗಿಳಿಸಿದವ.
ಗಣಿ ನಿಂತಾಗ ಹಗ್ಗ ನಿಂತಲ್ಲೇ ನಿಂತಿತು,
ತುಂಬಿದ್ದು ತುಂಬಿದಂತೆ, ಖಾಲಿ ಖಾಲಿಯಂತೆ, ಕಣಿವೆಯ ಮೇಲೆ.
ಸಂಬಳ ಇರಲಿಲ್ಲ. ಆದರೂ ವಾರಕ್ಕೊಮ್ಮೆ ಹೋಗಿ
ಗಾಲಿಗೆ ಗ್ರೀಸು ಹಚ್ಚಿ ಬರುತ್ತಿದ್ದೆ.
"ಸತ್ತ ಎಮ್ಮಿಗೆ ಎಷ್ಟು ದಿನ ಮೈ ತಿಕ್ತೀ?" ಅಂದಳು ಹೆಂಡತಿ.

ಪೆನ್ನೋಬಳ ಶೆಟ್ಟರ ಲಾರಿಗಳು ತುಕ್ಕು ತಿನ್ನುತ್ತಿದ್ದ ಕಾಲ.
ಮಗಳು ಅಳಿಯನ ಜೊತೆ ಗುಲ್ಮರ್ಗ ನೋಡಿ ಬಂದಿದ್ದರು.
ಜೀಪಿಳಿದು ದೇವ್ಲಿ ಜಾರುವುದನ್ನು ಕಂಡರು.
ಹುಡುಗಿಯನ್ನು ಏನೂ ಕೇಳಲಿಲ್ಲ;
ಹೆಜ್ಜೆ ಹಾಕಿ ಇಳಿಜಾರನ್ನು ಅಳೆದರು.

ಶುರುವಿಗೆ ಒಂದು ಶಾಮಿಯಾನ, ಮಿರ್ಚಿ ಮಂಡಕ್ಕಿ, ತಲೆಗೆ ಇಪ್ಪತ್ತು ರೂಪಾಯಿ.
ಆಮೇಲೆ ಮುಂಬಯಿಯಿಂದ ಬಂತು ಪ್ಲಾಸ್ಟಿಕ್ ಬ್ರಷ್ಷಿನ ಹಾಸು,
ನಾಲ್ಕು ಟ್ರಕ್ಕು ಬಿಳಿ.
ಹಾಸಿದ ದಿನ ಊರೆಲ್ಲ ಬಂದು ನೋಡಿತು:
ಸುಟ್ಟ ಮೈಗೆ ಬ್ಯಾಂಡೇಜು ಸುತ್ತಿದ ಹಾಗಿತ್ತು.
ಒಂಬತ್ತು ದಿನ ಬಿಳಿಯಾಗೇ ಇತ್ತು.
ಹತ್ತನೆಯ ದಿನ ಗಾಳಿ ಎದ್ದಿತು.

ಆಗಿನಿಂದ ರಾತ್ರಿ ಪಾಳಿ. ಹದಿನಾಲ್ಕು ಹೆಂಗಸರು,
ಒಂದು ಟ್ಯಾಂಕರು, ಕಡ್ಡಿ ಬರಲು.
ಅದಿರು ಆರಿಸಿದ ಅದೇ ಕೈ
ಈಗ ಹಿಮ ತಿಕ್ಕುತ್ತವೆ.
ಬೆಳಿಗ್ಗೆ ಎದ್ದ ಹಳ್ಳ ಮೈ ನೋಡಿಕೊಂಡು
ಗಣಿ ಮತ್ತೆ ಸುರುವಾಯಿತೆಂದು ತಿಳಿಯುತ್ತದೆ.

ಕೋಣೆಗಳೆದ್ದವು, ಹೀಟರಿಲ್ಲದ ಹೊಗೆಗೂಡಿನ ಕೋಣೆಗಳು.
ಬಳ್ಳಾರಿಯ ಬಿಸಿಲಿಗೆ ಬಾಡಿಗೆಯ ಉಣ್ಣೆ ಟೋಪಿ.
ಒಂದು ದಿನ ನನ್ನನ್ನೂ ಕರೆದರು. "ಹಗ್ಗ ಎಳೀತೈತೇನಪ್ಪಾ?"
"ಎಳೀತೈತ್ರಿ" ಅಂದೆ, ದನಿ ನಡುಗಿತು.
ಬಕೆಟ್ಟು ಬಿಚ್ಚಿ ಕುರ್ಚಿ ಕೂರಿಸಿದೆವು.
ಆಗ ತುಂಬಿದ್ದು ಇಳಿಯುವ ಭಾರಕ್ಕೆ ಖಾಲಿಯದು ತಾನೇ ಏರುತ್ತಿತ್ತು,
ಕರೆಂಟು ಅಷ್ಟಾಗಿ ಬೇಕಿರಲಿಲ್ಲ.
ಈಗ ಏರುವವರಷ್ಟೇ ಹಗ್ಗಕ್ಕೆ, ಇಳಿಯುವವರು ಜಾರುತ್ತಾರೆ.
ಮೋಟಾರು ಏದುಸಿರು ಬಿಡುತ್ತದೆ. ನನಗಷ್ಟೇ ಕೇಳುತ್ತದೆ.

ಕಾಶ್ಮೀರದಿಂದ ಬಂದ ಮಾಸ್ತರ, ಬಶೀರ್ ಲೋನ್.
ಕಲಿತ ಕನ್ನಡ ಎರಡೇ ಮಾತು: ಮೊಳಕಾಲು ಬಗ್ಗಿಸಿ.
ರಾಯಚೂರಿನ ಡಾಕ್ಟರಿಗೂ ಅದೇ,
ಗಂಗಾವತಿಯ ರೈಸ್‌ಮಿಲ್ಲಿನವರಿಗೂ ಅದೇ.
ಊಟದ ಹೊತ್ತಿಗೆ ನನ್ನ ಮೋಟಾರು ಮನೆಗೆ ಬರುತ್ತಾನೆ.
ಅಲ್ಲಿ ಹಿಮ ಬೀಳುವಾಗ ಸದ್ದೇ ಇರುವುದಿಲ್ಲವಂತೆ.
ಇಲ್ಲಿ ಜಾರಿದರೆ ಹಲ್ಲುಜ್ಜಿದ ಸದ್ದು.

ದೇವ್ಲಿಗೀಗ ಹದಿನೇಳು. ಟಿಕೇಟು ಹರಿಯುತ್ತಾಳೆ.
ನೀಲಿ ಕೋಟಿನ ಬಿಲ್ಲೆಯಲ್ಲಿ 'ದಿವ್ಯಾ' ಅಂತಿದೆ,
ಗಿರಾಕಿಗೆ ತಿಳಿಯುವ ಹೆಸರಿರಲಿ ಅಂದರಂತೆ.
ಸಿಬ್ಬಂದಿ ಹಾಸಿನ ಮೇಲೆ ಜಾರುವಂತಿಲ್ಲ.

ಮೊನ್ನೆ ಸೋಮವಾರ, ರಜೆ.
ಹಿಂಬದಿಯ ಇಳಿಜಾರಿನಲ್ಲಿ,
ಎರಡನೇ ಹಾಸು ಇನ್ನೂ ಬಾರದ ಕಡೆ,
ತಾಂಡಾದ ಮಕ್ಕಳ ಕೇಕೆ ಕೇಳಿ ಹೋದೆ.
ತುದಿಯಲ್ಲಿ ದೇವ್ಲಿ, ಬೆಲ್ಟಿನ ತುಂಡು ಬಶೀರನ ಕೈಗಿಟ್ಟು
"ಮೊಳಕಾಲು ಬಗ್ಗಿಸ್ರೀ ಮಾಸ್ತರ" ಅಂದಳು.
ಬಂದ ಅವನು,
ಅರ್ಧ ದಾರಿ ಬೆಲ್ಟಿನ ಮೇಲೆ, ಉಳಿದರ್ಧ ಬೆಲ್ಟೇ ಅವನ ಮೇಲೆ.
ಎದ್ದಾಗ ಗಡ್ಡ, ಹುಬ್ಬು, ಕಿವಿಯೊಳಗೆಲ್ಲ ಕೆಂಪು.
ತನ್ನ ಭಾಷೆಯಲ್ಲಿ ಏನೋ ಕೂಗಿದ.
ಹಗ್ಗಕ್ಕೆ ರಜೆಯಿತ್ತು;
ತುಂಡನ್ನು ಕಂಕುಳಲ್ಲಿಟ್ಟು ನಡೆದೇ ಹತ್ತತೊಡಗಿದ.