ಒಂದು ಗೇಣು

ಮಡಿಕೇರಿಯ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ್ ಸಬೀನಾ
ಚೀಟಿಯ ಹಿಂಬದಿಗೆ ಮೂರು ಕಣ್ಣು ಬರೆದರು.
ಶಿವನ ಲೆಕ್ಕ, ಅಂದೆ. ನಗಲಿಲ್ಲ.

ಮೊದಲನೆಯದು: ಕಣ್ಣಿನ ಮೇಲಣ ಗಾಜುಪೊರೆಯನ್ನು
ಒಂದಂಚು ಅಂಟಿದ್ದಂತೆಯೇ ಕೊಯ್ದು
ಮುಚ್ಚಳದ ಹಾಗೆ ಎತ್ತಿ, ಒಳಗೆ ಲೇಸರ್ ಹಾಯಿಸಿ
ಮತ್ತೆ ಮುಚ್ಚುವುದು. ಮರುದಿನವೇ ಲೋಕ ನಿಚ್ಚಳ.
ಕೆಲವು ತಿಂಗಳು ಕಣ್ಣು ಒಣಗೀತು,
ಪೆಟ್ಟು ಬಿದ್ದರೆ ಮುಚ್ಚಳ ಜರುಗೀತು.
ಗೊತ್ತು, ಅಂದೆ. ತೊಗಟೆಯ ನಾಲಿಗೆ ಎತ್ತಿ
ಕಿತ್ತಳೆಗೆ ನಾವು ಮಾಡುವುದೂ ಅದೇ,
ಹೆಸರೇ ಕಣ್ಣುಕಸಿ.
ಆಗ ನಕ್ಕರು.

ಎರಡನೆಯದಕ್ಕೆ ಮುಚ್ಚಳವಿಲ್ಲ.
ಮೇಲ್ಪದರ ಕೆರೆದು ಲೇಸರ್ ಬಿಡುತ್ತಾರೆ,
ಕೆರೆದದ್ದು ತಾನೇ ಬೆಳೆದು ಬರಬೇಕು.
ನಾಲ್ಕೈದು ದಿನ ಗಾಂಧಾರಿ ಮೆಣಸು ಹಿಂಡಿದ ಉರಿ,
ನೋಟ ತಿಳಿಯಾಗಲು ವಾರಗಳು.
ಪೊರೆ ತೆಳುವಿದ್ದವರಿಗೆ ಇದೇ ವಾಸಿಯಂತೆ.

ಮೂರನೆಯದು ದುಬಾರಿ.
ಒಳಗೊಳಗೇ ಒಂದು ಬಿಲ್ಲೆ ಕೊಯ್ದು
ಅರ್ಧ ಅಕ್ಕಿಕಾಳಿನಷ್ಟು ಸೀಳಿನಿಂದ ಎಳೆಯುವುದು,
ಕಾಫಿಹಣ್ಣು ಹಿಸುಕಿದರೆ ಬೀಜ ಜಾರಿ
ಸಿಪ್ಪೆ ಬೆರಳಲ್ಲಿ ಉಳಿದ ಹಾಗೆ.

ನಿಮಗೆ ಯಾಕೆ ಬೇಕು? ಕೇಳಿದರು.
ಕಳೆದ ಮಾಗಿ, ಚೆಟ್ಟಳ್ಳಿ ರಸ್ತೆ, ಮುಸ್ಸಂಜೆ,
ಕನ್ನಡಕದ ಮೇಲೆ ಮಂಜು ಕೂತಿತ್ತು.
ಅಡ್ಡ ನಿಂತ ಜೀಪಿಗೆ, ಪಕ್ಕಕ್ಕೆ ತಗೊಳ್ಳಿ ಅಂತ
ಕೈ ಆಡಿಸಿದೆ.
ಜೀಪು ಕಿವಿ ಬೀಸಿತು.

ವಯಸ್ಸು? ಮೂವತ್ತೊಂಬತ್ತು.
ಅವರು ಪೆನ್ನು ಕೆಳಗಿಟ್ಟರು.
ದೂರವನ್ನು ಕೊಡಬಲ್ಲೆ, ಮೂರರಲ್ಲಿ ಯಾವುದರಿಂದಲೂ.
ಹತ್ತಿರಕ್ಕೆ ಇನ್ನೆರಡು ಮೂರು ವರ್ಷದಲ್ಲಿ
ಚಾಳೀಸು ಬೇಕಾದೀತು.

ಇದನ್ನು ಯಾರೂ ಹೇಳಿರಲಿಲ್ಲ.
ನರ್ಸರಿಯಲ್ಲಿ ನಾನು ಕನ್ನಡಕ ನೆತ್ತಿಗೇರಿಸುತ್ತೇನೆ.
ಮೈನಸ್ ಐದು ಅಂದರೆ ನನ್ನ ಲೋಕ ಒಂದು ಗೇಣು,
ಆ ಗೇಣಿನೊಳಗೆ ನನ್ನಂತೆ ಕಾಣುವವರು
ಸುಂಟಿಕೊಪ್ಪದ ತನಕ ಇಲ್ಲ.
ಕಾಡುಮೆಣಸಿನ ಬುಡ ಸೀಳಿ ಪನ್ನಿಯೂರು ಕುಡಿ ಕೂರಿಸುವಾಗ
ಹಸಿರಿಗೆ ಹಸಿರು ತಾಗುವ ಗೆರೆ
ಬರಿಗಣ್ಣಿಗೇ ಸಿಗುತ್ತದೆ.
ಪೊನ್ನಕ್ಕ ಭೂತಗನ್ನಡಿಯಲ್ಲಿ ಹತ್ತು ಕಟ್ಟುವಷ್ಟರಲ್ಲಿ
ನಂದು ಇಪ್ಪತ್ತೈದು, ಬಹುಪಾಲು ಚಿಗುರುತ್ತವೆ.

ಫೈಲಿನ ಮೇಲೆ ದೋಷ: ಸಮೀಪದೃಷ್ಟಿ.
ಇಲ್ಲದ್ದನ್ನಲ್ಲ, ಇರುವುದನ್ನು ಹೇಳುವ ಹೆಸರು.

ಎದ್ದೆ. ಬಾಗಿಲ ಹತ್ತಿರ ನಿಂತು ಕೇಳಿದೆ:
ಒಂದೇ ಕಣ್ಣಿಗೆ ಮಾಡಬಹುದಾ?
ಒಂದು ಆನೆಗೆ, ಇನ್ನೊಂದು ಮೆಣಸಿಗೆ.

ಅಷ್ಟೂ ಬಿಡಲಾಗದು, ಒಂದಿಷ್ಟು ಉಳಿಸಬಹುದು,
ಅನ್ನುತ್ತ ಚೀಟಿ ವಾಪಸು ಇಸಕೊಂಡು
ಡಾಕ್ಟರು ನಾಲ್ಕನೆಯ ಕಣ್ಣು ಬರೆಯತೊಡಗಿದರು.